ಬೆಟ್ಟ ಬಳಸುವ ರಸ್ತೆ

"ವಾಂತಿ ಬರ್ತಿದ್ರೆ ಕವರ್ ತಗೊಳ್ಳಿ ಸರ್."

ಕೊನೆಯ ಸೀಟಿನಲ್ಲಿ ತಲೆ ಬಗ್ಗಿಸಿ ಕೂತಿದ್ದವನು ಮುಖ ಎತ್ತಿದ. ಅವಳ ಚಾಚಿದ ಕೈ ಅಲ್ಲೇ ನಿಂತಿತು.

ಇವನೇ... ಮದುವೆ ಮಾತಿಗೆ ಮನೆಗೆ ಬಂದಿದ್ದವನು. ಅಣ್ಣ ಸುಳ್ಳುಗಾರನೆಂದು ಬೈದು ಮುರಿದುಹಾಕಿದ ಸಂಬಂಧ.

ಅವಳು ಬೆಟ್ಟದ ಈಚೆಯ ವಿಮಾನ ನಿಲ್ದಾಣದ ಕೌಂಟರಿನವಳು. ಅವನು ಆಚೆಯ ನಿಲ್ದಾಣದ ಟವರಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವನು. ಇವತ್ತು ಅಲ್ಲಿ ಮಂಜು ಮುಚ್ಚಿದ್ದರಿಂದ ಅವನಿದ್ದ ವಿಮಾನ ಇಲ್ಲಿ ಇಳಿದಿತ್ತು. ಪ್ರಯಾಣಿಕರನ್ನು ಬಸ್ಸಿನಲ್ಲಿ ಆಚೆ ಮುಟ್ಟಿಸಿ ಬರುವ ಕೆಲಸ ಅವಳ ತಲೆಗೆ ಬಿದ್ದಿತ್ತು.

ಈಗ ಘಾಟಿಯ ತಿರುವಿನಲ್ಲಿ ಲಾರಿಯೊಂದು ಅಡ್ಡ ಮಗುಚಿದೆ. ಮುಂದೆ ದಾರಿಯಿಲ್ಲ, ಹಿಂದೆ ವಾಹನಗಳ ಸಾಲು. ಫೋನಿಗೆ ಸಿಗ್ನಲ್ ಇಲ್ಲ. ಮುಚ್ಚಿದ ಬಸ್ಸಿನೊಳಗೆ ಡೀಸೆಲ್, ಒದ್ದೆ ಸಾಕ್ಸುಗಳ ವಾಸನೆ.

"ಇನ್ನೂ ಎಷ್ಟೊತ್ತು ಡ್ರೈವರಣ್ಣ?"

"ಕ್ರೇನ್ ಬರ್ಬೇಕು ಮೇಡಂ. ಹಕ್ಕಿಯಾಗಿದ್ರೆ ಆಚೆ ಹೋಗಿ, ಊಟ ಮಾಡಿ, ಒಂದು ನಿದ್ದೆನೂ ಮುಗಿಸಿರ್ತಿದ್ವಿ."

ಯಾರೋ ನಕ್ಕರು. ಅವಳಿಗೆ ನಗು ಬರಲಿಲ್ಲ. ಲಕ್ವ ಹೊಡೆದ ಅಮ್ಮ ಮಂಚದ ಮೇಲೆ. ನೋಡಿಕೊಳ್ಳುವ ಹೆಂಗಸು ಸಂಜೆಗೆ ಹೊರಟುಬಿಡುತ್ತಾಳೆ. ಇವತ್ತು ರಾತ್ರಿ ಇರು ಎಂದು ಅವಳಿಗೆ ಫೋನು ಮಾಡುವಷ್ಟರಲ್ಲಿ ಸಿಗ್ನಲ್ ಹೋಗಿತ್ತು. ಆಮೇಲೆ ಮಗ್ಗುಲು ಬದಲಿಸುವವರು ಯಾರು? ಅಣ್ಣನದು ಬೈಯುವ ಬಾಯಿ ಮಾತ್ರ. ಇರುವುದು ಬೇರೆ ಊರಲ್ಲಿ.

"ಅಮ್ಮ ಹೇಗಿದ್ದಾರೆ?" ಅವನು ಕೇಳಿದ.

"ಕರೆದ್ರೆ ಮಗಳು ಎಷ್ಟು ಬೇಗ ಬರ್ತಾಳೆ ಅಂತ ಅವತ್ತು ಅಮ್ಮ ಕೇಳಿದ್ರು. ಅವರು ಕೇಳಿದ್ದು ಅದೊಂದೇ. ನೀವು ಎಂಬತ್ತೇ ಕಿಲೋಮೀಟರ್ ಅಂದ್ರಿ. ಅಣ್ಣ ಕಾರಲ್ಲಿ ಹೋಗಿ ನೋಡಿದ. ಇನ್ನೂರ ಅರವತ್ತು."

"ನಾನು ಸುಳ್ಳು ಹೇಳ್ಲಿಲ್ಲ. ಟವರಲ್ಲಿ ನಾವು ದಿನಾ ಹಾಗೇ ಅಳೆಯೋದು, ನೆಟ್ಟಗೆ. ಮಧ್ಯೆ ಬೆಟ್ಟ ಇದೆ ಅನ್ನೋದೇ ತಲೆಗೆ ಬರ್ಲಿಲ್ಲ..."

"ನಾನೇನು ವಿಮಾನಾನಾ?"

ಅವನು ಕಿಟಕಿಯಾಚೆಯ ತಿರುವುಗಳನ್ನು ನೋಡಿದ. ಮದುವೆ ಮಾತಿಗೂ ವಿಮಾನದಲ್ಲೇ ಬಂದು ಹೋಗಿದ್ದವನು, ಈ ರಸ್ತೆಯಲ್ಲಿ ಬಂದದ್ದು ಇದೇ ಮೊದಲು.

"ಈ ರಸ್ತೇಲಿ ನಿಮ್ಮನ್ನ ಓಡಾಡಿಸೋಕೆ ಹೊರಟಿದ್ದೆ," ಎಂದ ಕೊನೆಗೆ.

ಹೊರಗೆ ಬೆಳಕು ಇಳಿಯುತ್ತಿತ್ತು. ಅವಳು ಮತ್ತೆ ಮತ್ತೆ ಫೋನು ನೋಡಿದಳು. ಪ್ರಯಾಣಿಕರನ್ನು ಬಿಟ್ಟು ಇಳಿಯುವಂತಿಲ್ಲ. ಕಣ್ಣು ತುಂಬಿ ಬಂದಾಗ ಕಿಟಕಿಗೆ ಮುಖ ತಿರುಗಿಸಿದಳು.

"ಮನೆ ನಂಬರ್ ಕೊಡಿ," ಎಂದ. "ಮೇಲಿನ ತಿರುವಲ್ಲಿ ಸಿಗ್ನಲ್ ಸಿಗುತ್ತಂತೆ."

ಮಂಜಿನಲ್ಲಿ ಹತ್ತಿ ಹೋದವನು ತುಂಬಾ ಹೊತ್ತು ಬರಲಿಲ್ಲ. ಬಂದಾಗ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆ ಹೆಂಗಸು ಬೆಳಗಿನವರೆಗೂ ಇರ್ತಾರಂತೆ."

"ಅಮ್ಮ ಮಾತಾಡಿದ್ರಾ?"

"ಮೊದಲು ನನಗೆ ಚೆನ್ನಾಗಿ ಬೈದ್ರು. ಆಮೇಲೆ, ಅವಳು ಏನಾದ್ರೂ ತಿಂದಳಾ ಅಂದ್ರು."

ಅವಳು ಅತ್ತುಬಿಟ್ಟಳು.

"ಸಂಬಂಧ ಮುರಿದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು," ಎಂದಳು. "ಅಮ್ಮನೋ ನೀವೋ ಅಂತ ಆರಿಸೋದು ತಪ್ತಲ್ಲ ಅಂತ. ಆದ್ರೆ ನೀವು ನೆನಪಿಂದ ಹೋಗ್ಲೇ ಇಲ್ಲ..."

"ಆರಿಸ್ಬೇಡಿ. ನಿಮ್ಮ ಬೀದಿಲೇ ಮನೆ ಮಾಡೋಣ. ವರ್ಗಕ್ಕೆ ಬರೀತೀನಿ. ಅಲ್ಲಿವರೆಗೆ ರಜೆ ಸಿಕ್ಕಾಗೆಲ್ಲ ನಾನೇ ಬರ್ತೀನಿ."

"ವರ್ಗ ಸಿಗದಿದ್ರೆ?"

"ಸಿಗದಿದ್ರೂ ಬರ್ತೀನಿ."

ಲಾರಿ ಇನ್ನೂ ಕದಲಿರಲಿಲ್ಲ. ಅವಳು ಕಿಟಕಿಯ ಕಡೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಬನ್ನಿ, ಕೂತ್ಕೊಳ್ಳಿ. ನಡುಗ್ತಿದ್ದೀರ."

"ನಿಮ್ಮ ಕೋಟು ಒದ್ದೆಯಾಗುತ್ತೆ."

"ಆಗ್ಲಿ ಬಿಡಿ."