ಹೆಜ್ಜೇನಿನ ಗವಿಯಲ್ಲಿ ಸಿಕ್ಕ ವಿಡಿಯೊ

ಪ್ರತಿಮಾ ಹೊಸ್ತಿಲ ಮೇಲೆ ಕುಳಿತು, ಮೊಬೈಲಿನ ಚಾರ್ಜರ್ ತೂತಿನಲ್ಲಿ ಸೇರಿದ್ದ ಹತ್ತಿಯ ಧೂಳನ್ನು ಪಿನ್ನಿನ ತುದಿಯಿಂದ ಮೆಲ್ಲಗೆ ತೆಗೆಯುತ್ತಿದ್ದಳು. ಮಗ್ಗಗಳಿಗೆ ಅಂದು ರಜೆ. ಬನಹಟ್ಟಿಯ ಓಣಿ ಉಸಿರು ಹಿಡಿದಂತೆ ಸುಮ್ಮನಿತ್ತು.

ಆ ಮೌನವನ್ನು ಒಡೆದವನು ಸೋದರಮಾವನ ಮಗ ಯಲ್ಲಾಲಿಂಗ. ಮಗ್ಗದ ಶೆಡ್ಡಿನಲ್ಲಿ ದುಡಿಯುವವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅವನಿಗಂತೂ ಹುಟ್ಟಿದಾಗಿನಿಂದಲೇ ಬರುವುದಿಲ್ಲ.

"ಏಳಬೇ ಪ್ರತಿಮಾ! ಬೀಳಗಿ ಗುಡ್ಡಕ್ಕ ಹೊಂಟೇವಿ. ದೆವ್ವದ ಫಿಲ್ಮ್ ಮಾಡೂಣು. ರೀಲ್ಸ್ ಮಾಡಾಕ ಹೋದವರು ಗವಿಯಾಗ ಕಾಣಿ ಆಗತಾರ. ಅವರ ಮೊಬೈಲ್ ಅಷ್ಟ ಸಿಗತೈತಿ. ಅದರೊಳಗಿನ ವಿಡಿಯೊನ ನಮ್ಮ ಫಿಲ್ಮ್!"

"ದೆವ್ವ ಯಾರಲೇ?" ಒಳಗಿನಿಂದ ಪ್ರತಿಮಾಳ ಅಕ್ಕ ವೈಶಾಲಿ ಕೇಳಿದಳು.

"ನೀನ. ಮೇಕಪ್ ಖರ್ಚು ಉಳೀತೈತಿ."

ಒಳಗಿನಿಂದ ಕಸಬರಿಗೆ ಹಾರಿಬಂತು.

ಮೂವರೂ ಸೇರಿ ನಡೆಸುವ ವಿಡಿಯೊ ಚಾನೆಲ್ಲಿನಲ್ಲಿ ಯಲ್ಲಾಲಿಂಗ ಕುಣಿಯುತ್ತಿದ್ದ, ವೈಶಾಲಿ ನಗಿಸುತ್ತಿದ್ದಳು. ಜಮಖಂಡಿ ಬಸ್ ನಿಲ್ದಾಣದಲ್ಲೂ ಇಬ್ಬರನ್ನು ಗುರುತಿಸುವವರಿದ್ದರು. ಮೊಬೈಲ್ ಹಿಡಿಯುವವಳು ಪ್ರತಿಮಾ. ಅವಳ ಹೆರಳಿನ ತುದಿ ಕೂಡ ಯಾವ ವಿಡಿಯೊದಲ್ಲೂ ಇರಲಿಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ. ಬೇಕೆಂದು ಅವಳೂ ಬಾಯಿ ಬಿಟ್ಟಿರಲಿಲ್ಲ.

ಬೀಳಗಿ ದಾಟಿ ಬಸ್ಸಿಳಿದಾಗ ಕಬ್ಬಿನ ಹಸಿರು ಹಿಂದೆ ಉಳಿದಿತ್ತು. ಮುಂದೆಲ್ಲ ಕೆಂಪು ಬಂಡೆ, ಕುರುಚಲು ಜಾಲಿ, ಮೊಣಕಾಲೆತ್ತರದ ಒಣಹುಲ್ಲು. ದೂರದ ದಿಬ್ಬದ ಮೇಲೆ ಚಿಂಕಾರ ಜಿಂಕೆಯೊಂದು ನಿಂತು ಮೂವರನ್ನೂ ಅಳೆದು ನೋಡಿ, ಈ ಫಿಲ್ಮಿನ ಸಹವಾಸವೇ ಬೇಡವೆಂಬಂತೆ ಜಿಗಿದು ಮಾಯವಾಯಿತು. ಬಿಸಿಲಲ್ಲಿ ಹತ್ತಿ, ಜಾರಿ, ಮತ್ತೆ ಹತ್ತಿ ಗವಿ ಮುಟ್ಟುವಷ್ಟರಲ್ಲಿ ಕಟ್ಟಿ ತಂದ ರೊಟ್ಟಿ ಖಾಲಿ.

ವೈಶಾಲಿ ಮುಖಕ್ಕೆ ಪೌಡರ್ ಮೆತ್ತಿಕೊಂಡು, ಮಗ್ಗದಿಂದ ತಂದ ಬಿಳಿ ಬಟ್ಟೆ ಸುತ್ತಿಕೊಂಡು, ಗವಿಯ ಬಾಯಿಯ ಮೇಲಿನ ಸಂದಿಗೆ ಏರಿದಳು. ಯಲ್ಲಾಲಿಂಗ ಕೆಳಗೆ ಕೆಂಡ ಮಾಡಿ ಲೋಬಾನ ಹಾಕಿದ. ಹೊಗೆ ಸುತ್ತಿಕೊಂಡು ಮೇಲೆದ್ದಿತು.

"ದೆವ್ವಾ, ಬಾ!"

ವೈಶಾಲಿ ಸಂದಿಯಿಂದ ತೆವಳಿದಳು. ಪ್ರತಿಮಾ ಮೊಬೈಲಿನಲ್ಲಿ ನೋಡಿದಳು. ಅಕ್ಕನ ತಲೆಯ ಮೇಲಿನ ಕಪ್ಪು ಬಂಡೆ ಅಲುಗಿತು.

ಬಂಡೆಯಲ್ಲ. ಹೆಜ್ಜೇನು!

ಯಲ್ಲಾಲಿಂಗ ಕೂಗಲು ಬಾಯಿ ತೆರೆದ. ಪ್ರತಿಮಾ ಅಂಗೈಯಿಂದ ಮುಚ್ಚಿದಳು. ಕೂಗಿದರೆ ಅಕ್ಕ ಗಾಬರಿಯಾಗಿ ಎದ್ದೇಳುತ್ತಾಳೆ. ಎದ್ದರೆ ತಲೆ ನೇರ ಗೂಡಿಗೆ.

ಅವಳು ಮುಷ್ಟಿ ಎತ್ತಿ ಹಿಡಿದಳು. ಮೂವರೂ ದುಡಿಯುವ ಶೆಡ್ಡಿನ ಗದ್ದಲದಲ್ಲಿ ಬಾಯಿಮಾತು ಕೇಳುವುದಿಲ್ಲ, ಅಲ್ಲಿ ಕೈಯೇ ಮಾತು. ಮುಷ್ಟಿ ಎಂದರೆ 'ಮಗ್ಗ ನಿಲ್ಲಿಸು'.

ವೈಶಾಲಿ ತೆವಳುವುದನ್ನು ಥಟ್ಟನೆ ನಿಲ್ಲಿಸಿದಳು. ರೂಢಿ!

ಅಂಗೈ ಕೆಳಗೆ ಬಂತು: 'ಮೆಲ್ಲಗೆ ಇಳಿಸು'. ವೈಶಾಲಿ ಹೊಟ್ಟೆಯ ಮೇಲೆ ಜಾರಿದಳು. ಬಟ್ಟೆ ಜಾಲಿಮುಳ್ಳಿಗೆ ಸಿಕ್ಕಿತು. ಅವಳು ಎಳೆದಳು. ಗಿಡ ಅಲ್ಲಾಡಿತು. ಗುಂಯ್ ಎಂಬ ಸದ್ದು ಏರಿತು.

ಪ್ರತಿಮಾ ಮೊಬೈಲನ್ನು ಕಲ್ಲಿಗೆ ಒರಗಿಸಿ ಬಂಡೆ ಹತ್ತಿದಳು. ಮೊಣಕೈ ತರಚಿತು. ಬಟ್ಟೆಯಂಚನ್ನು ಹಲ್ಲಲ್ಲಿ ಕಚ್ಚಿ ಸರ್ರನೆ ಹರಿದಳು. ಅಕ್ಕನ ಸೊಂಟ ಹಿಡಿದು ಕೆಳಗೆಳೆದಳು. ಹೊಗೆಗೆ ಹುಳು ಇನ್ನೂ ಕೆರಳದಿರಲೆಂದು ಯಲ್ಲಾಲಿಂಗ ಲೋಬಾನದ ಮೇಲೆ ಮಣ್ಣು ಸುರಿದ. ಮೂವರೂ ತೆವಳಿದರು, ಉರುಳಿದರು, ಹಳ್ಳದ ಹೊದರಿನಲ್ಲಿ ಬಿದ್ದರು.

"ಯವ್ವಾ, ಮೂಗು!" ಎಂದ ಯಲ್ಲಾಲಿಂಗ.

"ಸುಮ್ಮನಿರಲೇ. ಒಂದ ಹುಳ ಕಡಿದೈತಿ. ಇನ್ನ ಖರೆ ಹೀರೋ ಕಂಡಂಗ ಕಾಣತಿ," ವೈಶಾಲಿ ನಕ್ಕಳು. ತಂಗಿಯ ಕೈ ಮಾತ್ರ ಬಿಡಲಿಲ್ಲ.

ಬಿಸಿಲು ಇಳಿದು ಹುಳುಗಳು ಗೂಡಿಗೆ ಅಂಟಿದ ಮೇಲೆ ಪ್ರತಿಮಾ ಒಬ್ಬಳೇ ತೆವಳಿ ಹೋಗಿ ಮೊಬೈಲ್ ತಂದಳು.

ತುಂಬಿದ ಬಸ್ಸಿನ ಹಿಂದಿನ ಸೀಟಿನಲ್ಲಿ ಮೂವರೂ ಅದನ್ನು ನೋಡಿದರು. ಹೊಗೆ, ದೆವ್ವ, ಹುಳುಗಳು. ಆಮೇಲೆ ಬಂಡೆ ಹತ್ತುತ್ತಿರುವ ಒಬ್ಬ ಹುಡುಗಿ: ಸೊಂಟಕ್ಕೆ ಸಿಕ್ಕಿಸಿದ ದುಪಟ್ಟಾ, ಬಾಯಲ್ಲಿ ಬಟ್ಟೆ, ಹುಲಿಯಂಥ ಕಣ್ಣು.

"ಯಾರಬೇ ಇಕಿ?" ಯಲ್ಲಾಲಿಂಗ ಕೇಳಿದ.

"ನಿಮ್ಮಪ್ಪನ ತಂಗಿ ಮಗಳು, ಹುಚ್ಚಪ್ಪಾ!" ಎಂದಳು ವೈಶಾಲಿ.

ಬದನೆಕಾಯಿಯಂತೆ ಊದಿದ ಮೂಗಿನಲ್ಲೇ ಅವನು ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕ. "ಛಲೋ ಆತು. ನಾಳಿ ಕುಂತು ಬ್ಯಾಡಾದ್ದೆಲ್ಲಾ ಕತ್ತರಿಸೂಣು" ಎಂದು ಕಣ್ಣು ಮುಚ್ಚಿದ. ವೈಶಾಲಿ ತಂಗಿಯ ಭುಜಕ್ಕೆ ತಲೆಯಿಟ್ಟು ಆಗಲೇ ಗೊರಕೆ ಹೊಡೆಯುತ್ತಿದ್ದಳು.

ಪ್ರತಿಮಾ ಆ ಹುಡುಗಿಯನ್ನು ಇನ್ನೊಮ್ಮೆ ನೋಡಿದಳು. ಮೊಣಕೈ ಉರಿಯುತ್ತಿತ್ತು, ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ ಹೇಳಿದಳು:

"ನಾ ಇದ್ದದ್ದನ್ನಷ್ಟ ಕತ್ತರಿಸಬ್ಯಾಡ್ರಿ."