ಆನೆಗಿಂತ ಮುಂದೆ ಓಡಿದ ದೊರೆ

ಬಹಳ ಹಿಂದೆ, ಕಂಬದ ಬೊಂಬೆಗಳೂ ಕಿವಿಗೊಟ್ಟು ಕೇಳುತ್ತಿದ್ದ ಕಾಲದಲ್ಲಿ, ಸೊಗಸೂರು ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಚಂದ್ರಕೇಸರಿಗೆ ಕೋಪವೂ ಬೇಗ, ಕನಿಕರವೂ ಬೇಗ. ಬೆಳಿಗ್ಗೆ ಮರಣದಂಡನೆ ಕೊಟ್ಟರೆ ಮಧ್ಯಾಹ್ನ ಕ್ಷಮಿಸಿಬಿಡುತ್ತಿದ್ದ. ಆದರೂ ಅವನ ಕ್ಷಮೆ ಪಡೆದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ವಿಚಿತ್ರ ಅಲ್ಲವೇ?

ಕಾರಣ ಒಂದು ಪದ್ಧತಿ. ಕ್ಷಮೆಯ ಓಲೆಗೆ ಪೂಜೆ ಮಾಡಿ, ಬಣ್ಣ ಬಳಿದ ಆನೆಯ ಮೇಲಿಟ್ಟು, ವಾದ್ಯ ಸಮೇತ ಊರೆಲ್ಲ ಸುತ್ತಿಸಿ ಕೋಟೆಬಾಗಿಲಿಗೆ ಒಯ್ಯಬೇಕು. ಅಷ್ಟರಲ್ಲಿ ಸಂಜೆಯ ಶಂಖ ಮೊಳಗಿ, ಬಾಗಿಲಲ್ಲಿದ್ದ ಏಳು ಹೆಡೆಯ ಸರ್ಪ ಅಪರಾಧಿಯನ್ನು ನುಂಗಿ ಮಲಗಿರುತ್ತಿತ್ತು. ದೊರೆಯ ಸ್ವಂತ ತಮ್ಮನೂ ಹಾಗೆಯೇ ಹೋದ. ಪದ್ಧತಿ ತಂದವನು ಮಂತ್ರಿ ಧೂಮಾಕ್ಷ, ಸರ್ಪ ಸಾಕಿದವನೂ ಅವನೇ. ಅವನು ದೊಡ್ಡ ಮಾಟಗಾರ.

ಒಮ್ಮೆ ಬೊಪ್ಪಣನೆಂಬ ಕವಿ ಮಂತ್ರಿಯನ್ನು ಗೇಲಿ ಮಾಡಿ ನಾಟಕ ಬರೆದ. ಧೂಮಾಕ್ಷ ದೊರೆಯ ಕಿವಿ ಕಚ್ಚಿದ. "ಹಾಕಿ ಸರ್ಪಕ್ಕೆ!" ಎಂದ ದೊರೆ.

ಬೊಪ್ಪಣನ ಅಕ್ಕ ಪದುಮಲೆ ಓಡಿಬಂದಳು. ದುರಂತ ನಾಟಕಗಳಲ್ಲಿ ರಾಣಿಯ ವೇಷ ಕಟ್ಟುವವಳು ಅವಳು. ಆ ಸಭೆಯಲ್ಲಿ ಬೇಡುವವರಿಗೆ ಮೂರು ಸಲ ಮಾತಾಡಲು ಅವಕಾಶ ಕೊಡುತ್ತಿದ್ದರು.

ಮೊದಲ ಸಲ ಅತ್ತಳು. ಕಂಬದ ಬೊಂಬೆಗಳೂ ಕಣ್ಣೊರೆಸಿಕೊಂಡವು. ದೊರೆ, "ಆಗದು" ಎಂದ.

ಎರಡನೇ ಸಲ ನ್ಯಾಯ ಹೇಳಿದಳು. ಸಿಂಹಾಸನದ ಗಿಳಿಯೂ ತಲೆದೂಗಿತು. ದೊರೆ, "ಆಗದು" ಎಂದ.

ಮೂರನೇ ಸಲಕ್ಕೆ ಮುಂಚೆ ಪದುಮಲೆ ಯೋಚಿಸಿದಳು; ಹೊತ್ತು ಇಳಿಯುತ್ತಿತ್ತು. ರಂಗದ ಮೇಲೆ ಅವಳು ಮುನ್ನೂರು ಸಲ ಸತ್ತಿದ್ದಳು. ಪ್ರತಿ ಸಲವೂ ಕೊನೆಯ ಅಂಕದಲ್ಲಿ ರಾಜನ ಮನಸ್ಸು ತಟ್ಟನೆ ತಿರುಗುತ್ತಿತ್ತು. ತಿರುಗುವುದು ತಪ್ಪಿದ್ದೇ ಇಲ್ಲ, ತಪ್ಪುತ್ತಿದ್ದದ್ದು ಹೊತ್ತು.

"ಪ್ರಭು, ಒಂದು ಕುತೂಹಲ," ಎಂದಳು. "ಮಧ್ಯಾಹ್ನ ತಮ್ಮ ಮನಸ್ಸು ಕರಗಿದಾಗ ಮೊದಲು ಏನು ಮಾಡುತ್ತೀರಿ?"

"ಆನೆಗೆ ಬಣ್ಣ ಬಳಿಸುತ್ತೇನೆ."

"ಆಮೇಲೆ?"

"ಮೆರವಣಿಗೆ."

"ಆಮೇಲೆ ಕೋಟೆಬಾಗಿಲಲ್ಲಿ ಯಾರಿರುತ್ತಾರೆ?"

ದೊರೆ ಕೋಟೆಬಾಗಿಲ ಕಡೆ ತಿರುಗಿ ನೋಡಿದ.

"ತಮ್ಮ ತಮ್ಮನನ್ನು ಕ್ಷಮಿಸಿದ ದಿನ ಆನೆಗೆ ಯಾವ ಬಣ್ಣ ಬಳಿಸಿದ್ದಿರಿ, ಪ್ರಭು?"

"ನೀಲಿ," ಎಂದ ದೊರೆ. ಒಮ್ಮೆಲೇ ಎದ್ದು ನಿಂತ.

"ಮಹಾರಾಜರೇ, ಆನೆ! ಪೂಜೆ!" ಎಂದು ಧೂಮಾಕ್ಷ ಅಡ್ಡ ಬಂದ. ದೊರೆ ಅವನನ್ನು ಪಕ್ಕಕ್ಕೆ ತಳ್ಳಿ, ಕಿರೀಟ ಬಿದ್ದರೂ ಹೆಕ್ಕದೆ, ಬರಿಗಾಲಲ್ಲಿ ಓಡಿದ. ಹಿಂದೆಯೇ ಪದುಮಲೆ.

ಅವರು ಕೋಟೆಬಾಗಿಲು ತಲುಪುವಾಗ ಸಂಜೆಯ ಶಂಖ ಮೊಳಗಿತು. ಸರ್ಪ ಏಳೂ ಬಾಯಿ ತೆರೆಯಿತು. "ಕ್ಷಮಿಸಿದ್ದೇನೆ!" ಎಂದು ಏದುಸಿರು ಬಿಡುತ್ತ ದೊರೆ ಬೊಪ್ಪಣನ ಮುಂದೆ ನಿಂತ.

ಹೊತ್ತಿಗೆ ಬಂದ ಕ್ಷಮೆಯನ್ನು ಆ ಸರ್ಪ ಕಂಡೇ ಇರಲಿಲ್ಲ. ಮಾಟ ಮುರಿದು ಆರು ಹೆಡೆ ಉದುರಿದವು, ಉಳಿದದ್ದು ಬಡಪಾಯಿ ಕೇರೆಹಾವು. ಅದು ಪೊದೆಗೆ ಸರಿಯಿತು. ಅರಮನೆಯಲ್ಲಿ ಧೂಮಾಕ್ಷ ಹೊಗೆಯಾಗಿ ಹೋದ. ಹಿಂದೆ ಸತ್ತವರು ಮಾತ್ರ ಮರಳಲಿಲ್ಲ. ಅಕ್ಕ ತಮ್ಮ ಅಪ್ಪಿಕೊಂಡದ್ದನ್ನು ನೋಡಿ, ದೊರೆ ತನ್ನ ತಮ್ಮನನ್ನು ನೆನೆದು ಅಲ್ಲೇ ಕೂತು ಅತ್ತ.

ಮುಂದೆ ಸೊಗಸೂರಿನವರು ಸುಖವಾಗಿ ಬಾಳಿದರು. ಅಲ್ಲಿ ಈಗಲೂ ನಾಟಕದ ಕೊನೆಯ ಅಂಕದಲ್ಲಿ ರಾಜ ಪಶ್ಚಾತ್ತಾಪದ ಹಾಡು ಎತ್ತಿಕೊಂಡರೆ ಸಾಕು, ಜನ ಎದ್ದು ಕೂಗುತ್ತಾರಂತೆ: "ಹಾಡು ಆಮೇಲೆ, ಮೊದಲು ಓಡಪ್ಪಾ!"