ಏಳನೆಯ ಸಾಲು

ಇಜೇರಿ ಊರಿನ ಹೊಲದಲ್ಲಿ ಜೋಳ ಬಿತ್ತಿ ಹತ್ತು ದಿನವಾಗಿತ್ತು. ಮಲಂಗಸಾಬನ ಎಂಟು ಸಾಲುಗಳಲ್ಲಿ ಎರಡು ಬೋಳು: ಮೂರನೆಯದು, ಏಳನೆಯದು.

ಆಳಂದದ ಶಾಂತಲಿಂಗಪ್ಪನವರ ಕಂಪನಿ ಬೀಜ ಬಿತ್ತುವ ನಾಲ್ಕು ಹಲ್ಲಿನ ಹೊಸ ಕೂರಿಗೆ ತಯಾರಿಸಲು ಪಾಲುದಾರನನ್ನು ಹುಡುಕುತ್ತಿತ್ತು. ಕಟ್ಟಿಗೆ ಕಂಪನಿಯದು, ಕಬ್ಬಿಣದ ಕೆಲಸ ಪಾಲುದಾರನದು. ಅಫಜಲಪುರದ ಖಂಡಪ್ಪ, ಜೇವರಗಿಯ ಮಲಂಗಸಾಬ, ಇಬ್ಬರೂ ಪರೀಕ್ಷೆಗೆ ಹೋಗುತ್ತ ನಾಲ್ಕು, ಮರಳುತ್ತ ನಾಲ್ಕು, ಹೀಗೆ ಎಂಟೆಂಟು ಸಾಲು ಬಿತ್ತಿದ್ದರು. ಖಂಡಪ್ಪನ ಸಾಲುಗಳು ತುಂಬಿದ್ದವು. ಯುದ್ಧ ಶುರುವಾಗಿ ಕಬ್ಬಿಣ ತುಟ್ಟಿಯಾದ ಮೇಲೆ ಮಲಂಗಸಾಬನಿಗೆ ಕೆಲಸವಿಲ್ಲ. ಕುಲುಮೆ ಆರಿ ಎರಡು ತಿಂಗಳು. ಇದೂ ತಪ್ಪಿದರೆ ಕಾರ್ಖಾನೆಗೆ ಬೀಗ.

"ಮೂರನೇ ಹಲ್ಲು ಕಟ್ಟಿಕೊಂಡದ, ಬೀಜ ಇಳಿದಿಲ್ಲ," ಎಂದ ಶಾಂತಲಿಂಗಪ್ಪನವರ ಅಳಿಯ ದೊಡ್ಡಪ್ಪ. "ಖಂಡಪ್ಪನ ಹೆಸರು ಬರೀರಿ ಮಾಸ್ತರ್ರ."

ಪರೀಕ್ಷೆಯ ವರದಿ ಬರೆಯಬೇಕಾದವರು ಚಂದ್ರಾಮ ಮಾಸ್ತರರು, ಮೂವತ್ತು ವರ್ಷ ಗಣಿತ ಕಲಿಸಿ ದಣಿದವರು. ಅವರು ಕುಳಿತು ಏಳನೆಯ ಸಾಲಿನ ಮಣ್ಣು ಕೆದಕಿದರು. ತುಂಡಾದ ಎಳೆ ಬೇರುಗಳು ಕೈಗೆ ಬಂದವು. ಬೀಜ ಬಿದ್ದಿತ್ತು, ಮೊಳೆತಿತ್ತು. ಯಾರೋ ಕಳೆ ತೆಗೆಯುವ ಕುರ್ಪಿಯಿಂದ ಕೊಯ್ದು ಮಣ್ಣು ಸರಿಸಿದ್ದರು.

"ನಾ ಬಿದ್ರ ಕೆಲಸ ಸಿಗೂದು ಖಂಡಪ್ಪಗ ಅಲ್ಲೇನ್ರಿ?" ಎಂದ ಮಲಂಗಸಾಬ, ತಲೆಯೆತ್ತದೆ.

* * *

ದ್ರೌಪದಿ ಪಕ್ಕದ ಹೊಲದಲ್ಲಿ ಕೆಲಸ ಮಾಡುತ್ತಿದ್ದಳು.

"ಈ ಹತ್ತು ದಿನ ಇಲ್ಲಿಗೆ ಯಾರು ಬಂದಿದ್ದರವ್ವ?" ಎಂದರು ಮಾಸ್ತರರು.

"ಇಬ್ಬರ ಬಂದಿದ್ರು ನೋಡ್ರಿ. ಖಂಡಪ್ಪನೋರು ಒಮ್ಮೆ, ದೊಡ್ಡಪ್ಪ ಸಾವಕಾರ್ರು ಒಮ್ಮೆ. ಸಾವಕಾರ್ರು ಎರಿ ಮಣ್ಣಾಗ ಬೂಟು ಹಾಕ್ಕೊಂಡು ಕೊಕ್ಕರಿ ನಡದಾಂಗ ನಡದ್ರು."

* * *

ಮಾಸ್ತರರು ಇಬ್ಬರನ್ನೂ ಬೇರೆ ಬೇರೆ ಕರೆದು ಒಂದೇ ಪ್ರಶ್ನೆ ಕೇಳಿದರು. "ಎಡದಿಂದ ಮೂರನೆಯ ಹಲ್ಲು ಕಟ್ಟಿಕೊಂಡರೆ ಯಾವ ಸಾಲುಗಳು ಬೋಳಾಗುತ್ತವೆ?"

ಖಂಡಪ್ಪ ನಕ್ಕ. "ಹೋಗೂವಾಗ ಮೂರು, ಬರೂವಾಗ ಆರು. ಕೂರಿಗಿ ಹಿಡಿದಾಂವಗ ಇದನ್ನ ಕೇಳ್ತಾರೇನ್ರಿ? ಏಳು ಹ್ಯಾಂಗಾತು ಅಂತ ನಾನೂ ವಿಚಾರ ಮಾಡಾಕತ್ತೇನಿ."

ದೊಡ್ಡಪ್ಪ ಬೆರಳು ಮಡಚಿದ. "ಮೂರಕ್ಕ ನಾಕು ಕೂಡಿಸ್ರಿ. ಏಳು."

* * *

ಎಲ್ಲರ ಮುಂದೆ ಮಾಸ್ತರರು ಮಣ್ಣಿನಲ್ಲಿ ಎಂಟು ಗೆರೆ ಎಳೆದರು.

"ಹೊಲದ ತುದಿಯಲ್ಲಿ ಕೂರಿಗೆ ತಿರುಗುತ್ತದೆ. ಎಡದ ಹಲ್ಲು ಬಲಕ್ಕಾಗುತ್ತದೆ. ಆದ್ದರಿಂದ ಮೂರನೆಯ ಹಲ್ಲು ಮರಳುವಾಗ ಆರನೆಯ ಸಾಲಿನಲ್ಲಿ ಬರುತ್ತದೆ. ಬಿತ್ತಿ ಬಲ್ಲವನು ಆರನ್ನು ಕೊಯ್ಯುತ್ತಿದ್ದ. ಬಂದವರು ಇಬ್ಬರೇ. ಅವರಲ್ಲಿ ಎಂದೂ ಕೂರಿಗೆಯ ಹಿಂದೆ ನಡೆಯದವರು ನೀವು, ದೊಡ್ಡಪ್ಪ."

ದೊಡ್ಡಪ್ಪ ಬೂಟಿನಿಂದ ಏಳನೆಯ ಗೆರೆ ಅಳಿಸಿದ.

"ಹಲ್ಲಿನ ಮ್ಯಾಲ ನನ್ನ ಹೆಸರು ಹೊಡೀತೇನಿ ಅಂದ ಈ ಮಲಂಗಸಾಬ. ಖಂಡಪ್ಪ ತನ್ನ ಹೆಸರು ಹಾಕ್ರಿ ಅಂತ ಕೇಳಿರಲಿಲ್ಲ. ಕೂರಿಗಿ ಮ್ಯಾಲ ನಮ್ಮ ಕಂಪನಿ ಹೆಸರೊಂದ ಇರಬೇಕಿತ್ತು."

ಶಾಂತಲಿಂಗಪ್ಪನವರು ಅಳಿಯನ ಕಡೆ ನೋಡಲಿಲ್ಲ. "ಆದದ್ದಾತು ಮಲಂಗಸಾಬ. ಕೆಲಸ ನಿಂದು. ಕಾಗದ ಇವತ್ತ ಮಾಡೂಣು."

ಮಲಂಗಸಾಬ ಆಗಲೇ ಕಂಪನಿಯ ಕೂರಿಗೆಯಿಂದ ತನ್ನ ಹಲ್ಲುಗಳ ನಟ್ಟು ಬಿಚ್ಚುತ್ತಿದ್ದ. "ಬ್ಯಾಡ್ರಿ. ನನ್ನ ಕಬ್ಬಿಣ ನೀವು ಪರೀಕ್ಷಾ ಮಾಡಿದ್ರಿ. ನಿಮ್ಮನ್ನ ನಾ ಮಾಡಿರಲಿಲ್ಲ. ಈಗ ಆತು."

ನಾಲ್ಕು ಹಲ್ಲುಗಳನ್ನು ಹೆಗಲಿಗೇರಿಸಿ ಹೊರಟ. ಖಂಡಪ್ಪ ತನ್ನವನ್ನೂ ಕಳಚಿ ಬಂಡಿಗೆ ಹಾಕಿದ.

"ಹೊರಬ್ಯಾಡಲೇ, ಇದರಾಗ ಹಾಕು," ಎಂದ. "ಕೂರಿಗಿಗೆ ಕಟ್ಟಿಗಿ ಕೆತ್ತಾವ್ರು ನಮ್ಮೂರಾಗೂ ಅದಾರ."